ಸೋಟೋ 440 ಮಿಲಿಯನ್ ಬೇಡ ಅಂದಿದ್ದು ಯಾಕೆ, ಟೀಮ್‌ಗಳು ಅಂಥವನನ್ನ ಕೊಟ್ಟುಬಿಟ್ಟಿದ್ದು ಯಾಕೆ

ಪ್ರಶ್ನೆ: ಸರ್, ನಾವು ನ್ಯೂಜೆರ್ಸಿಗೆ ಬಂದು ಆರು ವರ್ಷ ಆಯ್ತು. ಮೊದಲು ಕ್ರಿಕೆಟ್ ಬಿಟ್ರೆ ಬೇರೇನೂ ನೋಡ್ತಿರ್ಲಿಲ್ಲ, ಈಗ ಮಗನ ಜೊತೆ ಕೂತು ಬೇಸ್‌ಬಾಲ್ ನೋಡೋದು ರೂಢಿ ಆಗಿದೆ, ಇಬ್ರೂ ಯಾಂಕೀಸ್ ಕಡೆ. ಹುವಾನ್ ಸೋಟೋ ಒಂದೇ ವರ್ಷ ಆಡಿ ಮೆಟ್ಸ್‌ಗೆ ಹೋದಾಗ ಮಗ ಅತ್ತುಬಿಟ್ಟ. ಅಷ್ಟು ಚೆನ್ನಾಗಿ ಆಡೋ ಹುಡುಗನ್ನ ವಾಷಿಂಗ್ಟನ್ನು, ಸ್ಯಾನ್ ಡಿಯೇಗೋ ಎರಡೂ ಯಾಕೆ ಬಿಟ್ಟುಕೊಟ್ವು? ಅವನು 440 ಮಿಲಿಯನ್ ಡಾಲರ್ ಕೊಡ್ತೀವಿ ಅಂದ್ರೂ ಬೇಡ ಅಂದಿದ್ನಂತೆ, ಯಾಕೆ? ಐಪಿಎಲ್ ಹರಾಜು ಅರ್ಥ ಆಗುತ್ತೆ, ಇದು ತಲೆಗೇ ಹೋಗ್ತಿಲ್ಲ. ಅವನು ವಾಪಸ್ ಯಾಂಕೀಸ್‌ಗೆ ಬರೋ ಚಾನ್ಸ್ ಏನಾದ್ರೂ ಇದ್ಯಾ?

ಉತ್ತರ: ಮಗ ಅತ್ತಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. 2024ರ ಅಕ್ಟೋಬರಲ್ಲಿ ಕ್ಲೀವ್‌ಲ್ಯಾಂಡಲ್ಲಿ ಹತ್ತನೇ ಇನ್ನಿಂಗ್ಸಲ್ಲಿ ಸೋಟೋ ಹೊಡೆದ ಆ ಮೂರು ರನ್ನಿನ ಹೋಮ್ ರನ್ (ನಮ್ಮ ಸಿಕ್ಸರ್ ಥರ) ನೋಡಿದ ಯಾವ ಹುಡುಗನಿಗೂ ಅದು ಅಷ್ಟು ಸುಲಭಕ್ಕೆ ಮರೆಯಲ್ಲ, 15 ವರ್ಷ ಆದ್ಮೇಲೆ ಯಾಂಕೀಸ್‌ನ ವರ್ಲ್ಡ್ ಸೀರೀಸ್‌ಗೆ, ಅಂದ್ರೆ ಫೈನಲ್‌ಗೆ ಕರ್ಕೊಂಡು ಹೋದ ಏಟು ಅದು. ಎರಡೇ ತಿಂಗಳಲ್ಲಿ ಅವನು ಪಕ್ಕದ ಕ್ವೀನ್ಸ್‌ನ ಮೆಟ್ಸ್‌ಗೆ ಹೋದ ಅಂದ್ರೆ ಮಕ್ಕಳಿಗೆ ಹೆಂಗೆ ಹೇಳೋದು.

ನಿಮ್ಮ ಎಲ್ಲ ಪ್ರಶ್ನೆಗೂ ಒಂದೇ ಕಡೆಯಿಂದ ಉತ್ತರ ಹುಡುಕಬಹುದು. ನವೆಂಬರಿಂದ ಫೆಬ್ರವರಿವರೆಗೂ ಜಾಸ್ತಿ ನಡೆಯೋ ಈ ವ್ಯಾಪಾರದಲ್ಲಿ ಕೈ ಬದಲಾಗೋದು ವರ್ಷಗಳು. ಈ ಆಟಗಾರ ಇನ್ನೂ ಎಷ್ಟು ವರ್ಷ ನಮ್ಮ ಕೈಲಿರ್ತಾನೆ, ಆ ವರ್ಷಗಳಿಗೆ ನಾವು ಎಷ್ಟು ಕೊಡಬೇಕು, ಇವೆರಡೇ ಪ್ರತಿ ಟೀಮಿನ ಆಫೀಸಲ್ಲಿ ಬೋರ್ಡ್ ಮೇಲೆ ಬರ್ದಿರೋದು. ಅವನು ಎಷ್ಟು ಹೋಮ್ ರನ್ ಹೊಡೆದ ಅನ್ನೋದು ಅದಾದ್ಮೇಲೆ. ಇದು ಒಂದ್ಸಲ ತಲೇಲಿ ಕೂತ್ರೆ ಸೋಟೋ ಕಥೆ ಪೂರ್ತಿ ತಾನಾಗೇ ಬಿಚ್ಕೊಳುತ್ತೆ.

ಐಪಿಎಲ್‌ನಲ್ಲಿ ಮೂರು ವರ್ಷಕ್ಕೊಮ್ಮೆ ಮೆಗಾ ಹರಾಜು ಬರುತ್ತೆ, ರಿಟೇನ್ ಮಾಡಿಕೊಂಡ ನಾಲ್ಕೈದು ಜನ ಬಿಟ್ರೆ ಮಿಕ್ಕವರೆಲ್ಲ ಮತ್ತೆ ಮಾರ್ಕೆಟ್ಟಿಗೆ. ಬೇಸ್‌ಬಾಲಲ್ಲಿ ಹಂಗಿಲ್ಲ. ಒಂದ್ಸಲ ಟೀಮ್ ನಿಮ್ಮನ್ನ ತಗೊಂಡ್ರೆ ಮೇಜರ್ ಲೀಗಲ್ಲಿ ಆರು ವರ್ಷದ ಸರ್ವೀಸ್ ತುಂಬೋವರೆಗೂ ನೀವು ಅವರ ಹುಡುಗ, ನಿಮಗೆ ಬೇರೆ ಕಡೆ ಹೋಗೋ ಹಕ್ಕೇ ಇಲ್ಲ. ಮೊದಲ ಮೂರು ವರ್ಷ ಸುಮಾರಾಗಿ ಕನಿಷ್ಠ ಸಂಬಳ, 2025ರಲ್ಲಿ ಅದು 7,60,000 ಡಾಲರ್ ಇತ್ತು. ಆಮೇಲಿನ ಮೂರು ವರ್ಷ ಆರ್ಬಿಟ್ರೇಷನ್, ಅಂದ್ರೆ ಟೀಮ್ ಒಂದು ಮೊತ್ತ ಹೇಳುತ್ತೆ, ಆಟಗಾರ ಒಂದು ಮೊತ್ತ ಹೇಳ್ತಾನೆ, ಒಪ್ಪಂದ ಆಗ್ಲಿಲ್ಲ ಅಂದ್ರೆ ಪಂಚಾಯ್ತಿ ಮಾಡೋರು ಎರಡರಲ್ಲಿ ಒಂದನ್ನ ಆರಿಸ್ತಾರೆ, ಮಧ್ಯದ ಮೊತ್ತ ಕೊಡೋ ಹಂಗಿಲ್ಲ.

ಈ ಒಂದು ವರ್ಷ ಅನ್ನೋದಕ್ಕೂ ಲೆಕ್ಕ ಇದೆ, 172 ದಿನ. 2015ರಲ್ಲಿ ಚಿಕಾಗೋ ಕಬ್ಸ್‌ನವರು ಕ್ರಿಸ್ ಬ್ರಯಂಟ್‌ನ ಸೀಸನ್ ಶುರುವಾದ್ಮೇಲೆ ಒಂದಷ್ಟು ದಿನ ಕೆಳಗಿನ ಹಂತದ ಮೈನರ್ ಲೀಗಲ್ಲೇ ಕೂರಿಸಿ ಆಮೇಲೆ ಕರೆದ್ರು, ವರ್ಷದ ಕೊನೆಗೆ ಅವನ ಲೆಕ್ಕ 171 ದಿನ ಬಂತು. ಒಂದೇ ಒಂದು ದಿನ ಕಮ್ಮಿ! ಆ ಒಂದು ದಿನಕ್ಕೆ ಕಬ್ಸ್‌ಗೆ ಅವನ ಮೇಲೆ ಇನ್ನೊಂದು ಪೂರ್ತಿ ವರ್ಷದ ಹಿಡಿತ ಸಿಕ್ತು, ಬ್ರಯಂಟ್ ದೂರು ಕೊಟ್ಟು 2020ರಲ್ಲಿ ಸೋತ. ನನ್ನ ಕೇಳಿದ್ರೆ ಅದು ಅನ್ಯಾಯವೇ, ನಿಯಮದ ಒಳಗೇ ನಡೆದ ಅನ್ಯಾಯ.

ಸೋಟೋ ಮೊದಲ ಮ್ಯಾಚ್ ಆಡಿದ್ದು 2018ರ ಮೇ 20ಕ್ಕೆ, ವಯಸ್ಸು 19. ಮೇ ತಿಂಗಳಲ್ಲಿ ಬಂದಿದ್ರಿಂದ ಅದು ಪೂರ್ತಿ ವರ್ಷ ಅಂತ ಲೆಕ್ಕಕ್ಕೆ ಬರ್ಲಿಲ್ಲ, ಹಂಗಾಗಿ ಅವನು ಸ್ವತಂತ್ರ ಆಗೋಕೆ ಏಳು ಸೀಸನ್ ಹಿಡೀತು, 2024ರ ಕೊನೆಗೆ. ಆದ್ರೂ ಚಿಕ್ಕ ವಯಸ್ಸಿಗೇ ಬಂದಿದ್ರಿಂದ ಸ್ವತಂತ್ರ ಆದಾಗ ಅವನಿಗೆ ಬರೀ 26. ಬಹಳ ಜನ ಆಟಗಾರರು ಆ ಬಾಗಿಲಿಗೆ ಬರೋ ಹೊತ್ತಿಗೆ 29, 30 ಆಗಿರುತ್ತೆ, ಒಳ್ಳೆ ವರ್ಷಗಳೆಲ್ಲ ಕಮ್ಮಿ ಸಂಬಳಕ್ಕೆ ಮುಗಿದಿರುತ್ತೆ. ಈ 26 ಅನ್ನೋ ನಂಬರ್ ನೆನಪಿಟ್ಕೊಳ್ಳಿ, ಇಡೀ ಕಥೆ ಅದ್ರ ಮೇಲೆ ನಿಂತಿದೆ.

ಈಗ 2022ರ ಜುಲೈಗೆ ಬನ್ನಿ. ವಾಷಿಂಗ್ಟನ್ ನ್ಯಾಷನಲ್ಸ್ ಅವನಿಗೆ 15 ವರ್ಷಕ್ಕೆ 440 ಮಿಲಿಯನ್ ಕೊಡ್ತೀವಿ ಅಂದ್ರು. ಒಟ್ಟು ಮೊತ್ತ ನೋಡಿದ್ರೆ ಆಗಿನ ಕಾಲಕ್ಕೆ ದೊಡ್ಡ ದಾಖಲೆ, ಮೈಕ್ ಟ್ರೌಟ್‌ನ 426.5 ಮಿಲಿಯನ್ನಿಗಿಂತ ಜಾಸ್ತಿ. ಆದ್ರೆ ಭಾಗಿಸಿ ನೋಡಿ, ವರ್ಷಕ್ಕೆ 29.3 ಮಿಲಿಯನ್. ಅದೇ ಹೊತ್ತಿಗೆ ಮೆಟ್ಸ್‌ನವರು 37 ವರ್ಷದ ಪಿಚರ್ (ನಮ್ಮ ಬೌಲರ್ ಥರ) ಮ್ಯಾಕ್ಸ್ ಶರ್ಜರ್‌ಗೆ ವರ್ಷಕ್ಕೆ 43.3 ಮಿಲಿಯನ್ ಕೊಡ್ತಿದ್ರು. ಇಲ್ಲಿ 23 ವರ್ಷದ ಹುಡುಗ, ಆಗ್ಲೇ ವರ್ಲ್ಡ್ ಸೀರೀಸ್ ಗೆದ್ದಿದಾನೆ, ಅವನ 15 ವರ್ಷಾನ ಸಗಟು ದರದಲ್ಲಿ ಕೇಳ್ತಿದಾರೆ. ಜೊತೆಗೆ ಟೀಮಿನ ಓನರ್ ಕುಟುಂಬ ಟೀಮನ್ನೇ ಮಾರೋ ಬಗ್ಗೆ ಯೋಚಿಸ್ತಿದೀವಿ ಅಂತ ಅದೇ ವರ್ಷ ಹೇಳಿತ್ತು, ಅಂದ್ರೆ 15 ವರ್ಷ ಯಾರ ಕೈಕೆಳಗೆ ಆಡ್ತೀನಿ ಅಂತ ಗೊತ್ತಿಲ್ದೆ ಸೈನ್ ಹಾಕಬೇಕಿತ್ತು. ಅವನು, ಅವನ ಏಜೆಂಟ್ ಸ್ಕಾಟ್ ಬೋರಾಸ್ ಇಬ್ರೂ ಬೇಡ ಅಂದ್ರು. ಅವತ್ತು ಎಷ್ಟೊಂದು ಜನ ದುರಾಸೆ ಅಂದ್ರು. ನಾನು ಅವತ್ತೂ ಸರಿ ಅಂದಿದ್ದೆ, ಇವತ್ತೂ ಅದನ್ನೇ ಹೇಳ್ತೀನಿ.

ಬೇಡ ಅಂದ ತಕ್ಷಣ ನ್ಯಾಷನಲ್ಸ್ ಕೈಲಿ ಉಳಿದಿದ್ದು ಎರಡೂವರೆ ವರ್ಷ. ಟೀಮ್ ಕೆಳಗಡೆ ಬಿದ್ದಿದೆ, ಆ ಎರಡೂವರೆ ವರ್ಷದಲ್ಲಿ ಗೆಲ್ಲೋ ಲಕ್ಷಣ ಇಲ್ಲ, ಇಟ್ಕೊಂಡ್ರೆ 2024ರ ಕೊನೆಗೆ ಅವನು ಸುಮ್ನೆ ನಡ್ಕೊಂಡು ಹೋಗ್ತಾನೆ, ಟೀಮಿಗೆ ಒಂದು ಡ್ರಾಫ್ಟ್ ಪಿಕ್, ಅಂದ್ರೆ ಹೊಸ ಹುಡುಗರನ್ನ ಆರಿಸುವಾಗ ಒಂದು ಸರದಿ ಸಿಗಬಹುದು ಅಷ್ಟೇ. ಹಂಗಾಗಿ ಆಗಸ್ಟ್ 2ಕ್ಕೆ ಸ್ಯಾನ್ ಡಿಯೇಗೋ ಪ್ಯಾಡ್ರೇಸ್‌ಗೆ ಟ್ರೇಡ್ ಮಾಡಿದ್ರು. ಸೋಟೋ ಮತ್ತೆ ಜಾಶ್ ಬೆಲ್ ಆ ಕಡೆ, ಈ ಕಡೆಗೆ ಮೆಕೆಂಝಿ ಗೋರ್, ಸಿ.ಜೆ. ಏಬ್ರಮ್ಸ್, ಜೇಮ್ಸ್ ವುಡ್, ರಾಬರ್ಟ್ ಹ್ಯಾಸೆಲ್, ಹಾರ್ಲಿನ್ ಸುಸಾನಾ ಅನ್ನೋ ಐದು ಎಳೆ ಹುಡುಗರು, ಮೇಲೆ ಲ್ಯೂಕ್ ವಾಯ್ಟ್. ಆ ಹುಡುಗರಲ್ಲಿ ಮೂರು ಜನ ಮುಂದೆ ಆಲ್ ಸ್ಟಾರ್ ಆದ್ರು, ಏಬ್ರಮ್ಸ್ 2024ರಲ್ಲಿ, ವುಡ್ ಮತ್ತೆ ಗೋರ್ 2025ರಲ್ಲಿ. ಒಬ್ಬ ಆಟಗಾರನ ಎರಡೂವರೆ ವರ್ಷ ಕೊಟ್ಟು ಐದು ಹುಡುಗರ ತಲಾ ಆರಾರು ವರ್ಷ ತಗೊಂಡ್ರು ಅಂತ ಇಟ್ಕೊಳ್ಳಿ. ಟ್ರೇಡ್ ಆಗಿ ಇದು ಬಹಳ ಒಳ್ಳೆ ಟ್ರೇಡ್. ಆದ್ರೂ ನ್ಯಾಷನಲ್ಸ್ 2025ರಲ್ಲಿ 96 ಮ್ಯಾಚ್ ಸೋತ್ರು, ಆ ಟ್ರೇಡ್ ಮಾಡಿದ ಮೈಕ್ ರಿಝೋನ ಸೀಸನ್ ನಡುವೆಯೇ ಕೆಲಸದಿಂದ ತೆಗೆದ್ರು. ಸುತ್ತಮುತ್ತ ಟೀಮ್ ಕಟ್ಟದೇ ಇದ್ರೆ ಒಳ್ಳೆ ಟ್ರೇಡ್ ಒಂದೇ ಏನೂ ಮಾಡಲ್ಲ.

ಇಲ್ಲೊಂದು ಮಾತು. ಐಪಿಎಲ್‌ನಲ್ಲಿ ಟ್ರೇಡ್ ಮಾಡೋಕೆ ಆಟಗಾರನ ಒಪ್ಪಿಗೆ ಬೇಕು, 2023ರ ನವೆಂಬರಲ್ಲಿ ಕ್ಯಾಮರೂನ್ ಗ್ರೀನ್ ಮುಂಬೈನಿಂದ ನಮ್ಮ ಆರ್‌ಸಿಬಿಗೆ ಬಂದಾಗ್ಲೂ ಹಂಗೇ, ಮತ್ತೆ ಅಲ್ಲಿ ಬರೀ ದುಡ್ಡು ಕೊಟ್ಟು ತಗೋಬಹುದು. ಬೇಸ್‌ಬಾಲಲ್ಲಿ ಸೋಟೋನ ಯಾರೂ ಕೇಳ್ಲಿಲ್ಲ. ಕಾಂಟ್ರಾಕ್ಟಲ್ಲಿ ಟ್ರೇಡ್ ಮಾಡಬಾರ್ದು ಅಂತ ಬರೆಸ್ಕೊಂಡಿರಬೇಕು, ಇಲ್ಲಾಂದ್ರೆ ಮೇಜರ್ ಲೀಗಲ್ಲಿ ಹತ್ತು ವರ್ಷ ಆಗಿ ಅದ್ರಲ್ಲಿ ಕೊನೆ ಐದು ವರ್ಷ ಒಂದೇ ಟೀಮಲ್ಲಿ ಇರಬೇಕು, ಆಗ ಮಾತ್ರ ಬೇಡ ಅನ್ನೋ ಹಕ್ಕು.

ಈ ಹಕ್ಕು ಸುಮ್ನೆ ಬಂದಿದ್ದಲ್ಲ. ಕರ್ಟ್ ಫ್ಲಡ್ ಅಂತ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಆಟಗಾರ, ಅಲ್ಲಿ 12 ಸೀಸನ್ ಆಡಿದ್ದವನನ್ನ 1969ರ ಅಕ್ಟೋಬರಲ್ಲಿ ಫಿಲಡೆಲ್ಫಿಯಾಗೆ ಟ್ರೇಡ್ ಮಾಡಿದ್ರು. ಆಗ ಆರು ವರ್ಷ ಅನ್ನೋ ಲೆಕ್ಕವೂ ಇರ್ಲಿಲ್ಲ, ಟೀಮ್ ಬಿಡೋವರೆಗೂ ಆಟಗಾರ ಅವರದ್ದೇ, ಸಾಯೋವರೆಗೂ. ಫ್ಲಡ್ ಹೋಗಲ್ಲ ಅಂದ, ಡಿಸೆಂಬರ್ 24ಕ್ಕೆ ಲೀಗಿನ ಕಮಿಷನರ್‌ಗೆ ಪತ್ರ ಬರೆದ, ನನ್ನನ್ನ ಕೊಂಡು ಮಾರೋ ವಸ್ತು ಥರ ನೋಡಬೇಡಿ ಅನ್ನೋದು ಅದ್ರ ಸಾರ. 1970ರ ಸೀಸನ್ ಪೂರ್ತಿ ಆಡ್ಲಿಲ್ಲ, ಸಂಬಳ ಬಿಟ್ಟ, ಸುಪ್ರೀಂ ಕೋರ್ಟ್‌ವರೆಗೂ ಹೋದ, 1972ರಲ್ಲಿ 5-3ರಲ್ಲಿ ಸೋತ. ಅಷ್ಟೊತ್ತಿಗೆ ಅವನ ಆಟವೂ ಮುಗಿದಿತ್ತು. ಆದ್ರೆ ಮುಂದಿನ ವರ್ಷವೇ ಆ ಹತ್ತು-ಐದರ ಹಕ್ಕು ಬಂತು, 1975ರ ಡಿಸೆಂಬರಲ್ಲಿ ಪೀಟರ್ ಸೈಟ್ಸ್ ಅನ್ನೋ ಆರ್ಬಿಟ್ರೇಟರ್ ಆಂಡಿ ಮೆಸರ್ಸ್ಮಿತ್, ಡೇವ್ ಮೆಕ್‌ನ್ಯಾಲಿ ಅನ್ನೋ ಆಟಗಾರರು ಇಬ್ರೂ ಸ್ವತಂತ್ರರು ಅಂತ ತೀರ್ಪು ಕೊಟ್ಟ. ಸೋಟೋಗೆ ಸಿಕ್ಕ ಒಂದೊಂದು ಡಾಲರಲ್ಲೂ ಫ್ಲಡ್‌ನ ಪಾಲಿದೆ ಅಂತ ನಾನು ನಂಬ್ತೀನಿ, ಮಗನಿಗೆ ಸೋಟೋ ಕಥೆ ಹೇಳುವಾಗ ಇವನ ಹೆಸರೂ ಹೇಳಿ.

ಆ ಆರು ವರ್ಷ ಎಲ್ಲಿಂದ ಬಂತು ಅನ್ನೋದೂ ಇಲ್ಲೇ ಇದೆ. ತೀರ್ಪು ಬಂದ್ಮೇಲೆ ಓಕ್‌ಲ್ಯಾಂಡ್ ಓನರ್ ಚಾರ್ಲಿ ಫಿನ್ಲಿ ಎಲ್ಲರನ್ನೂ ಪ್ರತಿ ವರ್ಷ ಫ್ರೀ ಮಾಡಿಬಿಡಿ ಅಂದ. ಮಿಕ್ಕ ಓನರ್‌ಗಳು ಕಿವಿಗೆ ಹಾಕ್ಕೊಳ್ಲಿಲ್ಲ. ಆಟಗಾರರ ಯೂನಿಯನ್ ನಡೆಸ್ತಿದ್ದ ಮಾರ್ವಿನ್ ಮಿಲ್ಲರ್‌ಗೆ ಮಾತ್ರ ಗೊತ್ತಿತ್ತು, ಎಲ್ರೂ ಒಟ್ಟಿಗೆ ಮಾರ್ಕೆಟ್ಟಿಗೆ ಬಂದ್ರೆ ಸುಗ್ಗೀಲಿ ಟೊಮೆಟೊ ರೇಟು ಬಿದ್ದಂಗೆ ಎಲ್ಲರ ರೇಟೂ ಬೀಳುತ್ತೆ ಅಂತ. ಹಂಗಾಗಿ ಅವನು ಆರು ವರ್ಷಕ್ಕೆ ಒಪ್ಪಿದ, ಪ್ರತಿ ವರ್ಷ ಸ್ವಲ್ಪ ಜನ ಮಾತ್ರ ಬರ್ಲಿ, ಬಂದವರಿಗೆ ಒಳ್ಳೆ ಬೆಲೆ ಸಿಗ್ಲಿ ಅಂತ.

ಸರಿ, ಸೋಟೋ ಕಥೆಗೆ ವಾಪಸ್. ಪ್ಯಾಡ್ರೇಸ್ ಅವನ್ನ ತಗೊಂಡಾಗ ಮೂರು ಅಕ್ಟೋಬರ್, ಅಂದ್ರೆ ಮೂರು ಪ್ಲೇಆಫ್ ಸಿಗುತ್ತೆ ಅನ್ನೋ ಆಸೆ. ಒಂದು ಸಿಕ್ತು. 2023ರಲ್ಲಿ ಟೀಮ್ ಎಡವಿತು, ಮ್ಯಾಚ್ ಪ್ರಸಾರ ಮಾಡ್ತಿದ್ದ ಕಂಪನಿ ಸೀಸನ್ ಮಧ್ಯದಲ್ಲಿ ಕೈ ಬಿಟ್ಟಿತು, ಖರ್ಚಿಗೆ ಹೆದರದೇ ಇದ್ದ ಓನರ್ ಪೀಟರ್ ಸೈಡ್ಲರ್ ನವೆಂಬರಲ್ಲಿ ತೀರ್ಕೊಂಡ್ರು. ಮುಂದಿನ ವರ್ಷ ಸೋಟೋಗೆ ಆರ್ಬಿಟ್ರೇಷನಲ್ಲಿ 30 ಮಿಲಿಯನ್ ದಾಟೋದು ಗ್ಯಾರಂಟಿ, ಕೊನೆಗೆ 31 ಮಿಲಿಯನ್ ಆಯ್ತು. ಹಂಗಾಗಿ ಡಿಸೆಂಬರಲ್ಲಿ ನಿಮ್ಮ ಯಾಂಕೀಸ್‌ಗೆ. ಈ ಸಲ ಬೆಲೆ ನೋಡಿ: ಸೋಟೋ ಜೊತೆ ಟ್ರೆಂಟ್ ಗ್ರಿಶಮ್ ಬಂದ, ಹೋಗಿದ್ದು ಮೈಕಲ್ ಕಿಂಗ್, ಡ್ರೂ ಥಾರ್ಪ್, ಜೋನಿ ಬ್ರಿಟೋ, ರ‍್ಯಾಂಡಿ ವಾಸ್ಕೆಸ್, ಕೈಲ್ ಹಿಗಾಶಿಯೋಕಾ. ಮೊದಲ ನಾಲ್ಕು ಜನ ಒಳ್ಳೆ ಪಿಚರ್‌ಗಳೇ, ಥಾರ್ಪ್‌ನ ಮೂರೇ ತಿಂಗಳಲ್ಲಿ ಚಿಕಾಗೋ ವೈಟ್ ಸಾಕ್ಸ್‌ಗೆ ಕೊಡೋ ಟ್ರೇಡಲ್ಲಿ ಸೇರಿಸಿ ಡಿಲನ್ ಸೀಸ್‌ನ ತಂದ್ಕೊಂಡ್ರು. ಆದ್ರೆ ಏಬ್ರಮ್ಸ್, ವುಡ್, ಗೋರ್ ಥರದ ಸಾಲು ಇದಲ್ಲ. ಆಟಗಾರ ಅದೇ, ಆಟ ಅಷ್ಟೇ ಚೆನ್ನಾಗಿದೆ, ಕಮ್ಮಿ ಆಗಿದ್ದು ಒಂದೇ, ಎರಡೂವರೆ ವರ್ಷ ಇದ್ದಿದ್ದು ಒಂದು ವರ್ಷ ಆಯ್ತು.

ಒಂದು ವರ್ಷ ಉಳಿದಾಗ ಕೊಟ್ಟುಬಿಡೋದು ಯಾವಾಗ್ಲೂ ಸರಿ ಅಂತ ಮಾತ್ರ ಅನ್ಕೋಬೇಡಿ. 2020ರ ಫೆಬ್ರವರಿಯಲ್ಲಿ ಬೋಸ್ಟನ್ ರೆಡ್ ಸಾಕ್ಸ್ ಮೂಕಿ ಬೆಟ್ಸ್‌ನ ಡಾಡ್ಜರ್ಸ್‌ಗೆ ಕೊಟ್ಟಿದ್ದು ನನಗೆ ಇವತ್ತಿಗೂ ಹೊಟ್ಟೆ ಉರಿಯೋ ವಿಷಯ. ಬೋಸ್ಟನ್ನು ಬಡ ಟೀಮಲ್ಲ, ಅವರ ಸ್ಟೇಡಿಯಂ ಫೆನ್ವೇ ಪಾರ್ಕ್ ತುಂಬಿರುತ್ತೆ. ಲಕ್ಷುರಿ ಟ್ಯಾಕ್ಸ್ (ಟೀಮಿನ ಒಟ್ಟು ಸಂಬಳ ಒಂದು ಗೆರೆ ದಾಟಿದ್ರೆ ಕಟ್ಟೋ ದಂಡ) ಗೆರೆ ಕೆಳಗೆ ಬರೋದಕ್ಕೆ ಅಂತ ಬೆಟ್ಸ್ ಜೊತೆ ಡೇವಿಡ್ ಪ್ರೈಸ್‌ನೂ ಕಟ್ಟಿ, ಪ್ರೈಸ್ ಸಂಬಳದ ಅರ್ಧ ತಾವೇ ಕೊಟ್ಟು ಕಳಿಸಿದ್ರು. ಬಂದಿದ್ದು ಅಲೆಕ್ಸ್ ವರ್ಡೂಗೋ, ಕಾನರ್ ವಾಂಗ್, ಜೀಟರ್ ಡೌನ್ಸ್. ಡೌನ್ಸ್ ಬೋಸ್ಟನ್‌ಗೆ 14 ಮ್ಯಾಚ್ ಆಡಿದ. ಬೆಟ್ಸ್ ಜುಲೈನಲ್ಲೇ ಡಾಡ್ಜರ್ಸ್ ಜೊತೆ 12 ವರ್ಷಕ್ಕೆ 365 ಮಿಲಿಯನ್ ಸೈನ್ ಮಾಡಿ ಅದೇ ವರ್ಷ ವರ್ಲ್ಡ್ ಸೀರೀಸ್ ಗೆದ್ದ. ನಿಮಗೆ ಇನ್ನೂ ಹತ್ತಿರದ್ದು ಹೇಳ್ತೀನಿ: 2024ರ ವರ್ಲ್ಡ್ ಸೀರೀಸ್‌ನ ಕೊನೆ ಔಟ್ ನೆನಪಿದ್ಯಾ? ಯಾಂಕೀಸ್ ಪರ ಸ್ಟ್ರೈಕ್ ಔಟ್ ಆಗಿದ್ದು ಅದೇ ವರ್ಡೂಗೋ, ಆ ಕಡೆ ಕುಣೀತಿದ್ದವರಲ್ಲಿ ಬೆಟ್ಸ್.

ಸುಮಾರು ನಾಲ್ಕು ವರ್ಷ ಬಿಟ್ಟು, 2023ರ ಡಿಸೆಂಬರಲ್ಲಿ, ಅದೇ ಬೋಸ್ಟನ್ ಕ್ರಿಸ್ ಸೇಲ್‌ನ ಅಟ್ಲಾಂಟಾಗೆ ಕೊಟ್ಟು ಮೇಲೆ 17 ಮಿಲಿಯನ್ ದುಡ್ಡೂ ಕೊಟ್ಟಿತು, ವಾನ್ ಗ್ರಿಸಮ್ ಅನ್ನೋ ಹುಡುಗನಿಗೋಸ್ಕರ. ಸೇಲ್ ಮುಂದಿನ ಸೀಸನ್ನಲ್ಲೇ ಬೆಸ್ಟ್ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಗೆದ್ದ. ಆದ್ರೆ ಇದನ್ನ ನಾನು ಅಷ್ಟು ಬಯ್ಯಲ್ಲ, ಸೇಲ್ ವರ್ಷಗಟ್ಟಲೆ ಗಾಯದಲ್ಲೇ ಕಳೆದಿದ್ದ, ಹಿಂಗಾಗುತ್ತೆ ಅಂತ ಯಾರೂ ಹೇಳೋ ಹಾಗಿರ್ಲಿಲ್ಲ. ಬೆಟ್ಸ್ ವಿಷಯದಲ್ಲಿ ಎಲ್ಲರಿಗೂ ಗೊತ್ತಿತ್ತು.

ಈಗ 2024ರ ನವೆಂಬರ್. ಯಾಂಕೀಸ್ ಮೊದಲು ಸೋಟೋಗೆ ಕ್ವಾಲಿಫೈಯಿಂಗ್ ಆಫರ್ ಕೊಟ್ರು, ಒಂದು ವರ್ಷಕ್ಕೆ 21.05 ಮಿಲಿಯನ್. ಅವನು ಒಪ್ಪಲ್ಲ ಅಂತ ಗೊತ್ತಿದ್ದೇ ಕೊಡೋದು, ಯಾಕಂದ್ರೆ ಬೇಡ ಅಂದು ಬೇರೆ ಕಡೆ ಹೋದ್ರೆ ಹಳೇ ಟೀಮಿಗೆ ಡ್ರಾಫ್ಟ್ ಪಿಕ್ ಸಿಗುತ್ತೆ, ಹೊಸ ಟೀಮ್ ತನ್ನ ಪಿಕ್ ಕಳ್ಕೊಳುತ್ತೆ. ಸೋಟೋಗೆ ಇದ್ರಿಂದ ಏನೂ ಆಗಲ್ಲ. ಪೆಟ್ಟು ಬೀಳೋದು ಮಧ್ಯಮ ವರ್ಗದ ಆಟಗಾರನಿಗೆ, ಇವನನ್ನ ತಗೊಂಡು ಪಿಕ್ ಯಾಕೆ ಕಳ್ಕೋಬೇಕು ಅಂತ ಟೀಮ್‌ಗಳು ಫೆಬ್ರವರಿವರೆಗೂ ಫೋನೇ ಮಾಡಲ್ಲ.

ಆಮೇಲೆ ನಡೆಯೋದು ಹರಾಜಲ್ಲ. ಪಕ್ಕದವನು ಎಷ್ಟು ಕೂಗಿದ ಅಂತ ಕಾಣೋ ಹಾಗೆ ಪ್ಯಾಡಲ್ ಎತ್ತೋರಿಲ್ಲ, ಏಜೆಂಟ್ ಹೇಳಿದ್ದನ್ನ ನಂಬಬೇಕು. ಜಾಸ್ತಿ ಕೊಟ್ಟವರಿಗೇ ಹೋಗಬೇಕು ಅಂತಾನೂ ಇಲ್ಲ. ಯಾಂಕೀಸ್ ಕೊನೆಗೆ 16 ವರ್ಷಕ್ಕೆ 760 ಮಿಲಿಯನ್‌ವರೆಗೂ ಹೋದ್ರು, ಮೆಟ್ಸ್ 15 ವರ್ಷಕ್ಕೆ 765. ವರ್ಷಕ್ಕೆ 47.5 ಒಂದು ಕಡೆ, 51 ಇನ್ನೊಂದು ಕಡೆ. ಮೆಟ್ಸ್ ಕೊಟ್ಟಿದ್ರಲ್ಲಿ 75 ಮಿಲಿಯನ್ ಸೈನಿಂಗ್ ಬೋನಸ್, ಒಂದು ಪೈಸೆನೂ ಮುಂದಕ್ಕೆ ಹಾಕಿಲ್ಲ. ಕುಟುಂಬ ಕೂತು ಮ್ಯಾಚ್ ನೋಡೋಕೆ ಸ್ಟೇಡಿಯಮ್ಮಲ್ಲಿ ಒಂದು ಖಾಸಗಿ ಬಾಕ್ಸ್ ಕೊಡೋ ವಿಷಯದಲ್ಲೂ ಯಾಂಕೀಸ್ ಬಗ್ಗಲಿಲ್ಲ, ತಮ್ಮ ಸ್ಟಾರ್‌ಗಳಾದ ಆರೋನ್ ಜಡ್ಜ್, ಡೆರೆಕ್ ಜೀಟರ್ ಅಂಥವರೇ ದುಡ್ಡು ಕೊಟ್ಟು ತಗೊಂಡಿದಾರೆ ಅಂತ. ಆರೋನ್ ಜಡ್ಜ್ ಕೂಡ ಇದೇ ದಾರೀಲಿ ಬಂದವನು, 2022ರ ಏಪ್ರಿಲಲ್ಲಿ 213.5 ಮಿಲಿಯನ್ ಬೇಡ ಅಂದು, ಆ ವರ್ಷ 62 ಹೋಮ್ ರನ್ ಹೊಡೆದು, ಡಿಸೆಂಬರಲ್ಲಿ ಅದೇ ಯಾಂಕೀಸ್ ಹತ್ರ 360 ತಗೊಂಡ.

40 ವರ್ಷ ಆಗೋವರೆಗೂ ಕಾಂಟ್ರಾಕ್ಟ್ ಕೊಡೋದು ಹುಚ್ಚಲ್ವಾ ಅಂತ ಎಷ್ಟೋ ಜನ ಕೇಳ್ತಾರೆ. ಕೊನೆ ವರ್ಷಗಳಲ್ಲಿ ಅವನು ಆ ದುಡ್ಡಿಗೆ ತಕ್ಕಂಗೆ ಆಡಲ್ಲ ಅಂತ ಮೆಟ್ಸ್‌ಗೂ ಗೊತ್ತು. ಆಲ್ಬರ್ಟ್ ಪೂಹೋಲ್ಸ್‌ಗೆ ಏಂಜಲ್ಸ್ 2011ರಲ್ಲಿ 10 ವರ್ಷಕ್ಕೆ 240 ಮಿಲಿಯನ್ ಕೊಟ್ಟಾಗ ಅವನಿಗೆ 31, ಕಾರ್ಡಿನಲ್ಸ್‌ನಲ್ಲಿ .328 ಆವರೇಜ್ ಇದ್ದವನು ಅಲ್ಲಿ ಆ ಹತ್ರಕ್ಕೂ ಬರ್ಲಿಲ್ಲ, 2021ರ ಮೇನಲ್ಲಿ ಬಿಟ್ಟೇಬಿಟ್ರು. ಅಲ್ಲಿ ಏಂಜಲ್ಸ್ ಕೊಂಡಿದ್ದು ಮುಗಿಯೋ ಕಡೆ ಹೊರಟಿದ್ದ ವರ್ಷಗಳು. ಸೋಟೋ 26, ಮುಂದಿನ ಆರೇಳು ವರ್ಷ ಒಳ್ಳೆ ಕಾಲ, ಆ ಬೆಲೇನ 15 ವರ್ಷಕ್ಕೆ ಹರಡಿದಾರೆ ಅಷ್ಟೇ. ಹರಡೋಕೂ ಕಾರಣ ಇದೆ, ಲಕ್ಷುರಿ ಟ್ಯಾಕ್ಸ್ ಲೆಕ್ಕ ಹಾಕೋದು ವರ್ಷದ ಸರಾಸರಿ ಮೇಲೆ. 2025ರಲ್ಲಿ ಮೊದಲ ಗೆರೆ 241 ಮಿಲಿಯನ್, ಕೊನೆ ಗೆರೆ 301. ಮೆಟ್ಸ್ ಥರ ವರ್ಷ ವರ್ಷ ದಾಟೋ ಟೀಮು ಆ ಕೊನೆ ಗೆರೆ ಮೇಲೆ ಖರ್ಚು ಮಾಡೋ ಪ್ರತಿ ಡಾಲರಿಗೆ 1 ಡಾಲರ್ 10 ಸೆಂಟ್ ಟ್ಯಾಕ್ಸ್ ಕಟ್ಟುತ್ತೆ.

ಡಾಡ್ಜರ್ಸ್‌ನ ಶೋಹೇ ಒಟಾನಿದು ಇದೇ ಗೆರೆಗೆ ಇನ್ನೊಂದು ದಾರಿ. 10 ವರ್ಷಕ್ಕೆ 700 ಮಿಲಿಯನ್ ಅಂತ ಹೆಡ್‌ಲೈನ್, ಆದ್ರೆ ವರ್ಷಕ್ಕೆ ತಗೊಳ್ಳೋದು 2 ಮಿಲಿಯನ್, ಮಿಕ್ಕ 680 ಮಿಲಿಯನ್ 2034ರಿಂದ 2043ರವರೆಗೆ, ಬಡ್ಡಿ ಇಲ್ಲ. ಹತ್ತು ವರ್ಷ ಬಿಟ್ಟು ಬರೋ ದುಡ್ಡಿಗೆ ಇವತ್ತಿನ ಬೆಲೆ ಕಮ್ಮಿ, ಹಂಗಾಗಿ ಟ್ಯಾಕ್ಸ್ ಲೆಕ್ಕದಲ್ಲಿ ವರ್ಷಕ್ಕೆ 70 ಬದಲು ಸುಮಾರು 46 ಮಿಲಿಯನ್. ಅಂದ್ರೆ ಇವತ್ತಿನ ಬೆಲೇಲಿ ನೋಡಿದ್ರೆ ಸೋಟೋ ಕಾಂಟ್ರಾಕ್ಟೇ ದೊಡ್ಡದು.

ಕಾದವರಿಗೆಲ್ಲ ಸೋಟೋ ಥರ ಆಗಲ್ಲ. ಜಾರ್ಡನ್ ಮಾಂಟ್ಗಮರಿ 2023ರಲ್ಲಿ ಟೆಕ್ಸಸ್ ಜೊತೆ ವರ್ಲ್ಡ್ ಸೀರೀಸ್ ಗೆದ್ದು, ದೊಡ್ಡ ಕಾಂಟ್ರಾಕ್ಟ್ ಬರುತ್ತೆ ಅಂತ ಮಾರ್ಚ್ ಕೊನೆವರೆಗೂ ಕಾದ, ಸಿಕ್ಕಿದ್ದು ಅರಿಝೋನಾದಲ್ಲಿ ಒಂದು ವರ್ಷಕ್ಕೆ 25 ಮಿಲಿಯನ್, ತಡವಾಗಿ ಶುರು ಮಾಡಿ ಸೀಸನ್ ಕೆಟ್ಟಿತು, 2025ರಲ್ಲಿ ಮೊಣಕೈ ಆಪರೇಷನ್. ಪೀಟ್ ಅಲಾನ್ಸೋ ಮಧ್ಯದಲ್ಲಿ ಬರ್ತಾನೆ. 2023ರಲ್ಲಿ ಮೆಟ್ಸ್ 7 ವರ್ಷಕ್ಕೆ 158 ಮಿಲಿಯನ್ ಅಂದ್ರು, ಬೇಡ ಅಂದ. ಫ್ರೀ ಏಜೆಂಟ್, ಅಂದ್ರೆ ಸ್ವತಂತ್ರ ಆದಾಗ ಯಾರೂ ಅಷ್ಟು ಕೊಡ್ಲಿಲ್ಲ, 2025ರ ಫೆಬ್ರವರಿಯಲ್ಲಿ ಎರಡು ವರ್ಷಕ್ಕೆ 54ಕ್ಕೆ ಸೈನ್ ಹಾಕಿದ, ಆದ್ರೆ ಒಂದು ವರ್ಷ ಆದ್ಮೇಲೆ ಬಿಟ್ಟು ಹೋಗೋ ಆಪ್ಟ್ ಔಟ್ ಬರೆಸ್ಕೊಂಡ. 38 ಹೋಮ್ ರನ್ ಹೊಡೆದು ಹೊರಗೆ ಬಂದು ಬಾಲ್ಟಿಮೋರ್ ಹತ್ರ 5 ವರ್ಷಕ್ಕೆ 155 ತಗೊಂಡ. 2024ಕ್ಕೆ 20.5, 2025ಕ್ಕೆ 30, ಮೇಲೆ 155, ಕೂಡಿಸಿ ನೋಡಿ, ಅದೇ ಏಳು ವರ್ಷಕ್ಕೆ 205.5 ಆಯ್ತು. ನಡುವೆ ಒಂದು ಗಾಯ ಆಗಿದ್ರೆ ಈ ಲೆಕ್ಕ ಇರ್ತಿರ್ಲಿಲ್ಲ, ಆ ಧೈರ್ಯ ಅವನದ್ದು.

ಯಾಂಕೀಸ್ ಕೈಕಟ್ಟಿ ಕೂರ್ಲಿಲ್ಲ ಅಂತ ಮಗನಿಗೆ ಹೇಳಿ. ಸೋಟೋಗೆ ಇಟ್ಟಿದ್ದ ದುಡ್ಡಲ್ಲಿ ಮ್ಯಾಕ್ಸ್ ಫ್ರೀಡ್‌ಗೆ 8 ವರ್ಷಕ್ಕೆ 218 ಕೊಟ್ರು, ಟ್ರೇಡಲ್ಲಿ ಕೋಡಿ ಬೆಲಿಂಜರ್ ಮತ್ತೆ ಡೆವಿನ್ ವಿಲಿಯಮ್ಸ್ ಬಂದ್ರು, ಒಂದು ವರ್ಷಕ್ಕೆ ಪಾಲ್ ಗೋಲ್ಡ್‌ಶ್ಮಿಟ್. ಫ್ರೀಡ್ 2025ರಲ್ಲಿ 19 ಮ್ಯಾಚ್ ಗೆಲ್ಲಿಸಿದ, ಯಾಂಕೀಸ್ 94 ಗೆದ್ದು ಪ್ಲೇಆಫ್‌ಗೆ ಹೋದ್ರು. ಮೆಟ್ಸ್‌ನಲ್ಲಿ ಸೋಟೋ 43 ಹೋಮ್ ರನ್ ಹೊಡೆದು 38 ಬೇಸ್ ಕದ್ದ, ಆದ್ರೂ ಟೀಮ್ 83 ಗೆಲುವಿಗೆ ನಿಂತು ಸೀಸನ್ನಿನ ಕೊನೆ ದಿನ ಹೊರಗೆ ಬಿತ್ತು. ಒಂದೇ ವರ್ಷದ ಲೆಕ್ಕ ಇದು, 15 ವರ್ಷದ್ದಲ್ಲ, ಆದ್ರೂ ಯಾಂಕೀಸ್ ಜನರಲ್ ಮ್ಯಾನೇಜರ್ ಬ್ರಯನ್ ಕ್ಯಾಶ್‌ಮನ್ ಆ ಚಳಿಗಾಲ ಮಾಡಿದ ಕೆಲಸ ಚೆನ್ನಾಗಿತ್ತು ಅನ್ನೋದೇ ನನ್ನ ಅಭಿಪ್ರಾಯ.

ಇನ್ನು ವಾಪಸ್ ಬರೋ ವಿಷಯ. ಸೋಟೋ ಕಾಂಟ್ರಾಕ್ಟಲ್ಲಿ 2029ರ ಸೀಸನ್ ಆದ್ಮೇಲೆ ಆಪ್ಟ್ ಔಟ್ ಇದೆ, ಆಗ ಅವನಿಗೆ 31 ಆಗಿರುತ್ತೆ. ಆದ್ರೆ ಉಳಿದ ಹತ್ತು ವರ್ಷಕ್ಕೆ ವರ್ಷಕ್ಕೆ 4 ಮಿಲಿಯನ್ ಜಾಸ್ತಿ ಸೇರಿಸಿದ್ರೆ ಮೆಟ್ಸ್ ಅದನ್ನ ರದ್ದು ಮಾಡಬಹುದು, ಆಗ ಒಟ್ಟು 805 ಮಿಲಿಯನ್ ಆಗುತ್ತೆ. ಅವನು ಅವತ್ತೂ ಹಿಂಗೇ ಆಡ್ತಿದ್ರೆ ಮೆಟ್ಸ್ ಆ 40 ಮಿಲಿಯನ್ ಕೊಟ್ಟು ಉಳಿಸ್ಕೊಳ್ತಾರೆ, ಆಡ್ತಿಲ್ಲ ಅಂದ್ರೆ ಅವನೇ ಹೊರಗೆ ಬರಲ್ಲ. ಹಂಗಾಗಿ ಯಾಂಕೀಸ್ ಜೆರ್ಸಿಲಿ ನೋಡೋ ಆಸೆ ಬಿಟ್ಟುಬಿಡಿ. ಮೆಟ್ಸ್ ಆಡೋ ಸಿಟಿ ಫೀಲ್ಡ್‌ಗೆ ನ್ಯೂಜೆರ್ಸಿಯಿಂದ ಪೆನ್ ಸ್ಟೇಷನ್‌ಗೆ ಬಂದು ಲಾಂಗ್ ಐಲೆಂಡ್ ರೈಲ್ ರೋಡ್ ಹಿಡಿದ್ರೆ ಸ್ಟೇಡಿಯಂ ಎದುರೇ ಇಳಿಸ್ತಾನೆ, ಯಾಂಕೀಸ್ ಅಲ್ಲಿಗೆ ಆಡೋಕೆ ಹೋದಾಗ ಮಗನ್ನ ಕರ್ಕೊಂಡು ಹೋಗಿ, ಔಟ್‌ಫೀಲ್ಡ್ ಕಡೆ ಸೀಟ್ ತಗೊಳ್ಳಿ, ಸೋಟೋ ಆ ಕಡೆನೇ ನಿಂತಿರ್ತಾನೆ.